ಹಂಡೆ ಇಲ್ಲದ ಬಚ್ಚಲುಮನೆ

ಇಂಗ್ಲೆಂಡನ್ನು ನಾನು ಇವತ್ತಿಗೂ ಕಣ್ಣಾರೆ ನೋಡಿಲ್ಲ. ಆದರೆ ಅಲ್ಲಿನ ಯಾವುದೋ ಹಳ್ಳಿಗಾಡಿನ ದೊಡ್ಡ ಮನೆತನದ ತೋಟದ ಮೂಲೆಯಲ್ಲಿ ನಿಂತಿರುವ ಒಂದು ಪುಟ್ಟ ಕಲ್ಲಿನ ಕಟ್ಟಡದ ಒಂದೊಂದು ಬಿರುಕೂ ನನಗೆ ಗೊತ್ತು. ಮುಂದೆ ನಾಲ್ಕು ಕಂಬ, ಅದರ ಮೇಲೆ ತ್ರಿಕೋನದ ಮುಖ. ದೂರದಿಂದ ನೋಡಿದರೆ ಹಣ್ಣುಕಾಯಿ ತಟ್ಟೆ ಹಿಡಿದು ಒಳಗೆ ಹೋಗಬೇಕು ಅನ್ನಿಸುತ್ತದೆ. ಒಳಗೆ ದೇವರಿಲ್ಲ. ನೆಲದಲ್ಲಿ ಮೆಟ್ಟಿಲಿಳಿದು ಹೋಗುವ ಒಂದು ಕಲ್ಲಿನ ಕೊಳವಿದೆ. ಅದರ ಹಿಂದೆ ಒಂದು ಚಿಕ್ಕ ಕೋಣೆ, ಆ ಕೋಣೆಯ ಗೋಡೆಯಲ್ಲಿ ಆಳುದ್ದದ ಒಲೆಗೂಡು, ಮೇಲೆ ಹೊಗೆಗೂಡು. ಆ ಮನೆತನದವರು ಇನ್ನೂರು ವರ್ಷಗಳಿಗೂ ಹಿಂದೆ ಕಟ್ಟಿಸಿಕೊಂಡ ಸ್ನಾನದ ಮನೆ ಅದು. ಅದನ್ನು ನಾನು ಬರೆದದ್ದು ಕೌಲಾಲಂಪುರದ ಬಾಂಗ್ಸಾರ್‌ನಲ್ಲಿ, ಎಸಿಯ ಚಳಿಗೆ ಶಾಲು ಹೊದ್ದುಕೊಂಡು ಕುಳಿತು.

ನಮ್ಮ ಆಫೀಸಿನ ಕೆಲಸವೇ ಅದು. ಅಲ್ಲಿಯವರು ಹಳೆಯ ಕಟ್ಟಡಗಳನ್ನು ಯಂತ್ರ ಇಟ್ಟು ಅಳೆದು, ಲಕ್ಷಾಂತರ ಚುಕ್ಕಿಗಳಾಗಿ ನಮಗೆ ಕಳಿಸುತ್ತಾರೆ. ನಾವು ಚುಕ್ಕಿಗೆ ಚುಕ್ಕಿ ಸೇರಿಸಿ ನಕ್ಷೆ ಬರೆದು ವಾಪಸು ಕಳಿಸುತ್ತೇವೆ. ಚುಕ್ಕಿಯಿಟ್ಟು ಗೆರೆ ಎಳೆಯುವುದನ್ನು ಮೈಸೂರಿನ ಹೆಂಗಸಿಗೆ ಯಾರಾದರೂ ಹೇಳಿಕೊಡಬೇಕೆ?

ನಾನು ಕಲಿತದ್ದು ವಾಸ್ತುಶಿಲ್ಪ. ಕಂಪ್ಯೂಟರ್ ಕೆಲಸದ ಗಂಡನ ಹಿಂದೆ ಮಲೇಷ್ಯಾಕ್ಕೆ ಬಂದ ಮೇಲೆ ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಹತ್ತು ಹನ್ನೆರಡು ವರ್ಷ ಕೌಲಾಲಂಪುರದ ಪಕ್ಕದ ಪುಚೊಂಗಿನ ಮನೆಯಲ್ಲಿ ಮಗಳನ್ನು ಬೆಳೆಸಿದೆ, ಪಕ್ಕದ ಮನೆಯ ತಮಿಳರ ಹತ್ತಿರ ರಸಂ ವಿಷಯಕ್ಕೆ ವಾದ ಮಾಡಿದೆ. ಕೊನೆಗೆ ಹೋದ ವರ್ಷ ಈ ಆಫೀಸು ಕೆಲಸದ ಪರವಾನಗಿ ಮಾಡಿಸಿಕೊಟ್ಟು ನನ್ನನ್ನು ತೆಗೆದುಕೊಂಡಿತು, ಮೂರು ತಿಂಗಳ ಪರೀಕ್ಷೆಯ ಮೇಲೆ. ಪಾಸಾದರೆ ಖಾಯಂ, ಇಲ್ಲವಾದರೆ ಮತ್ತೆ ಅದೇ ರಸಂ. ಕಿಟಕಿಯ ಪಕ್ಕದ ಕುರ್ಚಿ ಕೊಟ್ಟಿದ್ದರು, ಕೆಳಗೆ ಎಲ್‌ಆರ್‌ಟಿ ರೈಲು ಹಾದುಹೋಗುವುದು ಕಾಣುತ್ತಿತ್ತು. ಆ ಕುರ್ಚಿ ನನಗೆ ಎಷ್ಟು ಬೇಕಾಗಿತ್ತೆಂದರೆ, ಮೇಜಿನ ಮೇಲೆ ಒಂದು ಗಣಪತಿಯನ್ನೂ ಇಟ್ಟಿರಲಿಲ್ಲ. ಎಲ್ಲರ ಮೇಜಿನ ಮೇಲೂ ಅವರವರ ದೇವರು, ಗಿಡ, ಬೆಕ್ಕಿನ ಬೊಂಬೆ ಇದ್ದವು. ಖಾಯಂ ಆಗುವ ಮುಂಚೆ ದೇವರನ್ನು ಕೂರಿಸಿ, ಆಮೇಲೆ ಎಬ್ಬಿಸಿಕೊಂಡು ಬರುವ ಪಾಪ ಯಾರಿಗೆ ಬೇಕು ಎಂದು ಮೈಸೂರಿನಲ್ಲಿದ್ದ ಅತ್ತೆಗೂ ಫೋನಿನಲ್ಲಿ ಹೇಳಿದ್ದೆ.

ಸ್ನಾನದ ಮನೆಯ ಅಳತೆಯ ನಕ್ಷೆಗಳು ಮುಗಿದಿದ್ದವು. ಉಳಿದದ್ದು ಒಂದೇ ಚಿತ್ರ. ಆ ಕಟ್ಟಡವನ್ನು ದುರಸ್ತಿ ಮಾಡಿ ಜನರಿಗೆ ತೋರಿಸುವ ಯೋಚನೆ ತೋಟದವರಿಗಿತ್ತು. ಬಾಗಿಲ ಬಳಿ ನಿಲ್ಲಿಸುವ ಫಲಕಕ್ಕೆ, ಹಿಂದಿನ ಕಾಲದಲ್ಲಿ ಇಲ್ಲಿ ಜನ ಹೇಗೆ ಸ್ನಾನ ಮಾಡುತ್ತಿದ್ದರು ಎಂದು ತೋರಿಸುವ ಬಣ್ಣದ ಚಿತ್ರ ಬೇಕಿತ್ತು. ನಮ್ಮ ಆಫೀಸಿನ ಮುಖ್ಯಸ್ಥೆ ಈಪೋ ಊರಿನ ಚೀನೀ ಹೆಂಗಸು, ಮಾತು ಕಡಿಮೆ, ಇರುವ ಮಾತಿಗೆಲ್ಲ ಕೊನೆಯಲ್ಲಿ ಒಂದು 'ಲಾ'. "ಇದು ನೀನೇ ಮಾಡು ಲಾ. ಇದನ್ನು ನೋಡಿ ನಿನ್ನ ರಿಪೋರ್ಟು ಬರೀತೀನಿ" ಎಂದರು. ಚಿತ್ರ ಒಪ್ಪಿಗೆಯಾದರೆ ಆ ತೋಟದ ಉಳಿದ ಕಟ್ಟಡಗಳೂ ನಮಗೇ ಬರುವುದಿತ್ತು.

ಅದೇ ಸಮಯಕ್ಕೆ ನಮ್ಮತ್ತೆ ಮೈಸೂರಿನಿಂದ ಬಂದಿದ್ದರು. ವರ್ಷಕ್ಕೊಮ್ಮೆ ಬರುತ್ತಾರೆ, ಬಂದ ದಿನವೇ ನನ್ನ ಅಡುಗೆಮನೆಯ ಡಬ್ಬಗಳ ಜಾಗ ಬದಲಾಗುತ್ತದೆ. ಜಗಳ ಆಡುತ್ತೇವೆ, ಜೊತೆಯಲ್ಲಿ ಕೂತು ಕಾಫಿಯನ್ನೂ ಕುಡಿಯುತ್ತೇವೆ. ಅತ್ತೆಗೆ ಸ್ನಾನ ಅಂದರೆ ಬಿಸಿನೀರು. ಪುಚೊಂಗಿನ ಬಿಸಿಲಿಗೆ ನಲ್ಲಿಯ ನೀರೇ ಬೆಚ್ಚಗಿರುತ್ತದೆ. ಆದರೂ ಅವರು ಹೀಟರನ್ನು ತುದಿಗೆ ತಿರುಗಿಸಿ, ಬಚ್ಚಲ ತುಂಬ ಹಬೆ ಮಾಡಿಕೊಂಡು, ಕೆಂಪಗೆ ಹೊಳೆಯುತ್ತಾ ಹೊರಗೆ ಬರುತ್ತಾರೆ. ಶುಕ್ರವಾರ ಎಣ್ಣೆ ಸ್ನಾನ. ಆ ಬೆಳಿಗ್ಗೆ ಮಗಳು ಎದ್ದ ಕೂಡಲೇ ಸ್ಕೂಲಿಗೆ ಓಡುತ್ತಾಳೆ, ಬೇರೆ ದಿನ ಎಬ್ಬಿಸಲು ಕೂಗಬೇಕು.

ಊಟದ ಮೇಜಿನ ಮೇಲೆ ನಾನು ನಕ್ಷೆ ಹರಡಿಕೊಂಡಿದ್ದಾಗ ಅತ್ತೆ ಕನ್ನಡಕ ಏರಿಸಿ ಬಗ್ಗಿದರು.

"ಇದು ಬಚ್ಚಲುಮನೆ ಅಲ್ವೇನೇ?"

"ಹೌದು ಅತ್ತೆ, ಇಂಗ್ಲೆಂಡಿಂದು."

"ಹಿಂದಿನ ರೂಮಲ್ಲಿ ಒಲೆ ಇದೆ. ಸರಿ. ಹಂಡೆ ಎಲ್ಲಿ?"

"ಈಗಿಲ್ಲ. ಯಾವ ಕಾಲದಲ್ಲೋ ಕಿತ್ಕೊಂಡು ಹೋಗಿರ್ತಾರೆ."

"ತಾಮ್ರ ಕಣೇ, ಬಿಡ್ತಾರಾ ಜನ!" ಎಂದು ಅತ್ತೆ ಆ ಕಳ್ಳರನ್ನು ಶಪಿಸಿದರು. "ಅಷ್ಟು ದೊಡ್ಡ ಒಲೆ ಅಂದ್ರೆ ಎಂಥಾ ಹಂಡೆ ಇದ್ದಿರಬೇಕು! ನೀನು ಚಿತ್ರದಲ್ಲಾದ್ರೂ ಇಡು, ಪಾಪ."

ಒಲೆ ಇದೆ, ಕೊಳ ಇದೆ. ಮಧ್ಯದಲ್ಲಿ ಹಂಡೆ ಇರಲೇಬೇಕಲ್ಲ? ನನ್ನ ತಲೆಗೂ ಅದು ಎರಡೂ ಎರಡೂ ನಾಲ್ಕು ಎಂಬಷ್ಟು ಸಲೀಸಾಗಿ ಹೊಂದಿಕೊಂಡಿತು. ಚಿಕ್ಕಂದಿನಲ್ಲಿ ದೀಪಾವಳಿಯ ಮುಂಚಿನ ಸಂಜೆ ನೀರು ತುಂಬುವ ಹಬ್ಬ. ಅಮ್ಮ ಹುಣಿಸೆಹಣ್ಣು ಹಾಕಿ ಹಂಡೆಯನ್ನು ಥಳಥಳ ತಿಕ್ಕಿ, ಅದಕ್ಕೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಬಳ್ಳಿ ಸುತ್ತುತ್ತಿದ್ದಳು. ನಮ್ಮ ಮನೆಯಲ್ಲಿ ಆವತ್ತು ಹೊಸ ಬಟ್ಟೆ ಮೊದಲು ಸಿಗುತ್ತಿದ್ದದ್ದು ಹಂಡೆಗೆ. ಅದೇ ಹುಮ್ಮಸ್ಸಿನಲ್ಲಿ ಚಿತ್ರ ಬರೆದೆ. ಒಲೆಯಲ್ಲಿ ಉರಿ, ಮೇಲೆ ದೊಡ್ಡ ತಾಮ್ರದ ಹಂಡೆ, ಕೊಳದಿಂದ ಏಳುವ ಹಬೆ, ಹಬೆಯೊಳಗೆ ಕೆನ್ನೆ ಕೆಂಪಗಾದ ದೊರೆಸಾನಿ. ಹಂಡೆ ಸ್ವಲ್ಪ ಬೋಳಾಗಿ ಕಂಡಿತು. ಕೈ ತಡೆಯಲಿಲ್ಲ, ಎರಡು ಬಿಳಿ ಪಟ್ಟೆ ಬಳಿದೆ. ಕೊರಳಿಗೆ ಒಂದು ಎಳೆ ಬಳ್ಳಿಯನ್ನೂ ಸುತ್ತಿದೆ. ಮುಖ್ಯಸ್ಥೆ ನೋಡಿ, "ಹಬೆ ಚೆನ್ನಾಗಿದೆ ಲಾ" ಎಂದರು. ಈಪೋದವರಿಗೂ ಬಿಸಿನೀರಿನ ಬುಗ್ಗೆಯ ಸ್ನಾನ ಗೊತ್ತು, ಅನುಮಾನ ಬರಲಿಲ್ಲ.

ಇಂಗ್ಲೆಂಡಿನವರ ಜೊತೆ ವಿಡಿಯೋ ಕರೆ ಇತ್ತು; ಅವರಿಗೆ ಬೆಳಿಗ್ಗೆ, ನಮಗೆ ಸಂಜೆ ಕಾಫಿಯ ಹೊತ್ತು. ಆ ಕಡೆ ತೋಟದ ಉಸ್ತುವಾರಿಯ ಹೆಂಗಸು, ಅರವತ್ತರ ಆಸುಪಾಸು, ಉಣ್ಣೆಯ ಟೋಪಿ, ಮೊಣಕಾಲಿನವರೆಗೆ ಕೆಸರಿನ ಬೂಟು. ಆ ಕಟ್ಟಡದ ಬೀಗದ ಕೈ ಇರುವುದು ಅವರ ಹತ್ತಿರವೇ. ಕರೆ ಮಾಡಿದ್ದೂ ಅಲ್ಲಿಂದಲೇ, ಮಾತಾಡಿದರೆ ಬಾಯಿಂದ ಹೊಗೆ ಬರುತ್ತಿತ್ತು. ನನ್ನ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ತುಂಬಾ ಸುಂದರವಾಗಿದೆ" ಎಂದರು. ಇಂಗ್ಲಿಷರು ಹಾಗೆ ಶುರು ಮಾಡಿದರೆ ಹೆದರಿಕೊಳ್ಳಬೇಕು ಎಂದು ನನಗಾಗ ಗೊತ್ತಿರಲಿಲ್ಲ. "ಒಂದು ಪ್ರಶ್ನೆ. ಆ ಪಾತ್ರೆ ಅಲ್ಲಿ ಏನು ಮಾಡುತ್ತಿದೆ?"

"ನೀರು ಕಾಯಿಸುತ್ತಿದೆ" ಎಂದೆ, ಇದೆಂಥ ಪ್ರಶ್ನೆ ಎಂಬ ಧಾಟಿಯಲ್ಲಿ.

ಅವರು ಮೃದುವಾಗಿ ವಿವರಿಸಿದರು. ಇದು ತಣ್ಣೀರು ಸ್ನಾನದ ಮನೆ. ನೀರು ಗುಡ್ಡದ ಬುಗ್ಗೆಯಿಂದ ನೇರವಾಗಿ ಬರುತ್ತದೆ, ಮಂಜಿನಷ್ಟು ತಣ್ಣಗೆ. ಆ ಕಾಲದ ವೈದ್ಯರು ತಣ್ಣೀರಲ್ಲಿ ಮುಳುಗಿದರೆ ಆರೋಗ್ಯಕ್ಕೆ ಒಳ್ಳೆಯದು ಎನ್ನುತ್ತಿದ್ದರು. ದೊರೆಗಳು ಬಂದು, ಮುಳುಗಿ, ಎದ್ದು, ಹಿಂದಿನ ಕೋಣೆಯಲ್ಲಿ ಬೆಂಕಿ ಕಾಯಿಸಿಕೊಂಡು ಮನೆಗೆ ಹೋಗುತ್ತಿದ್ದರು. ಆ ಒಲೆ ಮೈಗೆ, ನೀರಿಗಲ್ಲ. ಹಂಡೆ ಅಲ್ಲಿ ಯಾವತ್ತೂ ಇರಲೇ ಇಲ್ಲ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನದು ಹಂಡೆಗೆ ಹೋಗಿತ್ತು, ಅದೂ ಬಳ್ಳಿ ಸುತ್ತಿದ ಹಂಡೆಗೆ. ಸೋಮವಾರ ತೋಟದ ಸಮಿತಿಯವರು ಸೇರುತ್ತಾರೆ, ಅಷ್ಟರಲ್ಲಿ ಬೇರೆ ಚಿತ್ರ ಕೊಡಿ ಎಂದು ಆಕೆ ಕೇಳಿದರು. ಕರೆ ಮುಗಿದ ಮೇಲೆ ಮುಖ್ಯಸ್ಥೆ ಬೈಯಲಿಲ್ಲ. "ಸೋಮವಾರ ಲಾ" ಎಂದಷ್ಟೇ ಅಂದರು. ಬೈದಿದ್ದರೆ ವಾಸಿಯಿತ್ತು.

ಮನೆಗೆ ಹೋಗಿ ಹೇಳಿದಾಗ ಅತ್ತೆಗೆ ಸಿಟ್ಟೇ ಬಂತು.

"ಬೆಂಕಿ ಹಾಕೋ ಹಾಗಿದ್ರೆ ನೀರಿಗೇ ಹಾಕಬಾರದಾ? ತಣ್ಣೀರಲ್ಲಿ ಮುಳುಗಿ ಆಮೇಲೆ ಮೈ ಕಾಯಿಸ್ಕೊಳ್ಳೋದು ಯಾವ ಸೀಮೆ ಬುದ್ಧಿ! ನಮ್ಮಲ್ಲಿ ತಣ್ಣೀರು ಸುರ್ಕೊಳ್ಳೋದು ಯಾರಾದ್ರೂ ಹೋದಾಗ. ಇವರು ಸುಮ್ಸುಮ್ನೆ ಸೂತಕದ ಸ್ನಾನ ಮಾಡ್ತಿದ್ರಾ?"

"ಅಜ್ಜಿ, ಇಟ್ಸ್ ಕಾಲ್ಡ್ ವೆಲ್‌ನೆಸ್" ಎಂದಳು ಮಗಳು, ಫೋನಿನಿಂದ ತಲೆ ಎತ್ತದೆ.

"ನಿನ್ನ ತಲೆ" ಎಂದರು ಅಜ್ಜಿ.

ನಾನು ಹಂಡೆ ತೆಗೆದು, ಹಬೆ ಒರೆಸಿ, ನೀರಿಗೆ ನೀಲಿ ಹಚ್ಚಿ ಹೊಸ ಚಿತ್ರ ಬರೆದೆ. ಎಲ್ಲ ಸರಿಯಿತ್ತು, ಆದರೆ ಜೀವ ಇರಲಿಲ್ಲ. ಕೊಳದ ಅಂಚಿನಲ್ಲಿ ನಿಂತ ದೊರೆಸಾನಿ ಚುಚ್ಚುಮದ್ದಿಗೆ ಕಾಯುತ್ತಿರುವವಳ ಹಾಗೆ ಕಂಡಳು. ಮುಖ್ಯಸ್ಥೆ ನೋಡಿ ತಲೆಯಾಡಿಸಿದರು. "ತಪ್ಪಿಲ್ಲ. ಆದರೆ ಇದನ್ನು ನೋಡಿ ಯಾರೂ ಒಳಗೆ ಹೋಗೋದಿಲ್ಲ ಲಾ." ಅವರು ಹೇಳಿದ್ದು ನಿಜ. ಬೇಕು ಬೇಕೆಂದು ತಣ್ಣೀರಿಗಿಳಿಯುವವರ ಮನಸ್ಸು ನನಗೆ ಅರ್ಥವಾಗಿರಲಿಲ್ಲ. ಅರ್ಥವಾಗದ್ದನ್ನು ಬರೆದರೆ ಕೈಗೆ ಗೊತ್ತಾಗಿಬಿಡುತ್ತದೆ.

ಶನಿವಾರ ಅಡುಗೆಮನೆಯಲ್ಲಿ ನಾನು ಹುರುಳಿಕಾಯಿಯ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ. ಅತ್ತೆ ಪಕ್ಕಕ್ಕೆ ಬಂದು ನಿಂತರು.

"ಆ ಹಂಡೆ ನಾನು ಇಡಿಸಿದ್ದು" ಎಂದರು.

"ಬಿಡಿ ಅತ್ತೆ. ನನಗೂ ಹಾಗೇ ಅನ್ನಿಸಿತ್ತು."

"ಅಲ್ಲ ಕೇಳು. ನಾನೂ ಸ್ಕೂಲಲ್ಲಿ ಕೆಲಸ ಮಾಡ್ತಿದ್ದೆ, ನಿನ್ನ ಗಂಡ ಹುಟ್ಟಿದಾಗ ಬಿಟ್ಟೆ. ಅವನು ಸ್ವಲ್ಪ ದೊಡ್ಡವನಾದ ಮೇಲೆ ಹೋಗಿ ಕೇಳ್ದೆ. ಬೇರೆಯವರು ಬಂದಿದ್ರು. ಆಮೇಲೆ ಎಲ್ಲೂ ಸಿಗ್ಲಿಲ್ಲ." ಇದನ್ನು ಅವರು ನನಗೆ ಹಿಂದೆಂದೂ ಹೇಳಿರಲಿಲ್ಲ. "ನಿಂಗೆ ಎರಡನೇ ಸಲ ಸಿಕ್ಕಿದೆ. ನಾಳೆ ಎಲ್ಲಾದ್ರೂ ತಣ್ಣೀರಿರೋ ಕಡೆ ಕರ್ಕೊಂಡು ಹೋಗು. ನಾನು ಇಳೀತೀನಿ. ಹೆಂಗಿರುತ್ತೆ ಅಂತ ಹೇಳ್ತೀನಿ, ನೀನು ಬರ್ಕೋ."

"ನೀವಾ?"

"ನೀನು ಇಳಿದು ಏನು ಉಪಯೋಗ? ನೀನು ದಿನಾ ಕಾಯಿಸದ ನಲ್ಲಿ ನೀರಲ್ಲೇ ಮೀಯೋಳು. ಅಭ್ಯಾಸ ಇಲ್ದೋರು ಇಳೀಬೇಕು."

ತರ್ಕಕ್ಕೆ ಎದುರಾಡುವಂತಿರಲಿಲ್ಲ. ಭಾನುವಾರ ಬೆಳಿಗ್ಗೆ ಗಂಡ ಕಾರು ತೆಗೆದರು. ಹುಲು ಲಂಗಾಟ್ ಕಡೆ ಕಾಡಿನ ಬುಡದಲ್ಲಿ ಒಂದು ಝರಿ ಇದೆ, ರಜೆಯ ದಿನ ಮಲಯ್ ಕುಟುಂಬಗಳು ಚಾಪೆ, ಅನ್ನದ ಪೊಟ್ಟಣ, ಮಕ್ಕಳು, ಮುದುಕರು ಸಮೇತ ಅಲ್ಲಿ ನೆರೆದಿರುತ್ತಾರೆ. ಹೆಂಗಸರು ತಲೆವಸ್ತ್ರದ ಸಮೇತ, ತೊಟ್ಟ ಬಟ್ಟೆಯಲ್ಲೇ ನೀರಿಗಿಳಿಯುತ್ತಾರೆ. ಅದನ್ನು ನೋಡಿ ಅತ್ತೆಗೆ ಒಂದು ಚಿಂತೆ ಕಳೆಯಿತು. ಹಳೆಯ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಬಂಡೆಯ ಮೇಲೆ ನಿಂತು ಒಂದು ಬೆರಳು ಅದ್ದಿದರು, ತಕ್ಷಣ ಕಿತ್ತುಕೊಂಡರು.

"ಇದು ನೀರಲ್ಲ ಕಣೇ."

ನೀರೊಳಗೆ ಕತ್ತಿನವರೆಗೆ ಕೂತಿದ್ದ ಒಬ್ಬ ಮಲಯ್ ಅಜ್ಜಿ ಇದನ್ನೆಲ್ಲ ನೋಡುತ್ತಿದ್ದಳು. "ಮಾರಿ, ಮಾರಿ" ಎಂದು ಕರೆಯುತ್ತಾ ಕೈ ಚಾಚಿದಳು. ಬಾ ಬಾ ಎನ್ನುವುದಕ್ಕೆ ಅತ್ತೆಗೆ ಮಲಯ್ ಬರಬೇಕಾಗಿರಲಿಲ್ಲ. ಒಮ್ಮೆ ನನ್ನ ಮುಖ ನೋಡಿದರು, ಆ ಕೈ ಹಿಡಿದರು, ಇಳಿದೇಬಿಟ್ಟರು.

"ಶಿವಶಿವಾ!" ಎಂಬ ಕೂಗಿಗೆ ಮರದ ಮೇಲಿನ ಕೋತಿಗಳು ಜಾಗ ಬದಲಿಸಿದವು. ನಮ್ಮ ಕಡೆಯ ಎಲ್ಲ ದೇವರೂ ಒಬ್ಬೊಬ್ಬರಾಗಿ ಬಂದುಹೋದರು. ಮಲಯ್ ಅಜ್ಜಿ ನಗುತ್ತಾ ಇವರ ಬೆನ್ನಿಗೆ ನೀರು ಎರಚಿದಳು. ಅತ್ತೆ ಕಣ್ಣು ಮುಚ್ಚಿ, ಮೂಗು ಹಿಡಿದು, ಪೂರ್ತಿ ಮುಳುಗಿ ಎದ್ದರು. ನನಗೆ ನಗು ಬರಬೇಕಿತ್ತು, ಬಂದದ್ದು ಅಳು. ಸೂತಕಕ್ಕಲ್ಲದೆ ತಣ್ಣೀರು ಮುಟ್ಟದ ಜೀವ ಅದು. ನನ್ನ ಒಂದು ಕುರ್ಚಿಗೋಸ್ಕರ ಮುಳುಗಿತ್ತು.

ಅತ್ತೆ ಮೇಲೆ ಬಂದಾಗ ತುಟಿ ನಡುಗುತ್ತಿತ್ತು, ಹಲ್ಲು ಕಟಕಟ. ಮಗಳು ಫೋನು ಎಸೆದು ಓಡಿಬಂದು ಟವೆಲ್ ಸುತ್ತಿದಳು. "ಅಜ್ಜಿ, ಆರ್ ಯು ಓಕೆ?" ಅಂದವಳು ಅಜ್ಜಿಯ ಕೈ ಉಜ್ಜುತ್ತಾ, "ಅಜ್ಜಿ, ಚಳಿ ಆಗ್ತಿದ್ಯಾ?" ಎಂದಳು. ಇವಳ ಬಾಯಲ್ಲಿ ಇಡೀ ಕನ್ನಡ ವಾಕ್ಯ ಕೇಳಿ ನಾನೂ ನನ್ನ ಗಂಡನೂ ಮುಖ ಮುಖ ನೋಡಿಕೊಂಡೆವು. ಬಂಡೆಯಿಂದ ಕಾರಿನವರೆಗೆ ಅತ್ತೆಯ ಒದ್ದೆ ಪಾದದ ಗುರುತು ಬಿದ್ದಿತ್ತು.

ದಾರಿಯಲ್ಲಿದ್ದ, ತಮಿಳು ಮುಸ್ಲಿಮರು ನಡೆಸುವ ಒಂದು ಮಾಮಕ್ ಹೋಟೆಲಿನಲ್ಲಿ ಕೂರಿಸಿದೆವು. ಒಣ ಸೀರೆ, ತಲೆಗೆ ಟವೆಲಿನ ಗಂಟು, ಎರಡು ಕೈಯಲ್ಲೂ ತಬ್ಬಿ ಹಿಡಿದ ಬಿಸಿ ತೆಹ್ ತಾರಿಕ್ ಲೋಟ. ಬೇರೆ ದಿನವಾದರೆ ಆ ಚಹಾವನ್ನು ಪಾನಕ ಎಂದು ಹೀಗಳೆಯುವವರು ಅದನ್ನು ಮುಗಿಸಿ ಇನ್ನೊಂದು ಹೇಳಿದರು. ರೊಟ್ಟಿ ಸುಡುವ ಕಾವಲಿಯ ಬಿಸಿ ಅವರಿಗೆ ತಾಗುತ್ತಿತ್ತು. ಕೆನ್ನೆಗೆ ನಿಧಾನವಾಗಿ ರಂಗು ಬಂತು.

"ಅಲ್ಲ ಕಣೇ" ಎಂದರು, ದೊಡ್ಡ ರಹಸ್ಯ ಬಿಡುವವರ ಹಾಗೆ. "ನೀರಲ್ಲಿ ಏನೂ ಇಲ್ಲ. ಆಚೆ ಬರ್ತೀವಲ್ಲ, ಎಲ್ಲಾ ಅಲ್ಲಿದೆ. ಈ ಲೋಟ ಹಿಡ್ಕೊಂಡಿದೀನಲ್ಲ, ಇಷ್ಟು ಸುಖ ಯಾವ ಹಂಡೆ ನೀರಲ್ಲೂ ಇರಲಿಲ್ಲ. ಅವರೇನು ದಡ್ಡರಲ್ಲ."

ನನಗೆ ಅಲ್ಲೇ ಚಿತ್ರ ಕಂಡಿತು. ಇಷ್ಟು ದಿನ ನಾನು ಕೊಳದ ಕಡೆ ಮುಖ ಮಾಡಿ ನಿಂತಿದ್ದೆ. ತಿರುಗಿ ನಿಲ್ಲಬೇಕಿತ್ತು. ಆ ಕಟ್ಟಡದ ಜೀವ ಇದ್ದದ್ದು ಹಿಂದಿನ ಚಿಕ್ಕ ಕೋಣೆಯಲ್ಲಿ.

ಮನೆಗೆ ಬಂದವಳೇ ಊಟದ ಮೇಜಿಗೆ ಕೂತೆ, ಅತ್ತೆ ಎದುರಿಗೆ ಕೂತರು. ಈ ಸಲ ಬೆಂಕಿಯ ಗೂಡು ಮುಂದೆ, ದೊಡ್ಡದಾಗಿ. ಅದರ ಪಕ್ಕ ಕಂಬಳಿ ಹೊದ್ದ ಒಬ್ಬ ಅಜ್ಜಿ, ತಲೆಗೆ ಬಟ್ಟೆಯ ಗಂಟು, ಎರಡು ಕೈಯಲ್ಲೂ ತಬ್ಬಿದ ಬಟ್ಟಲು, ಮುಖದಲ್ಲಿ ಗೆದ್ದುಬಂದ ಕಳೆ. ಕೊಳ ಹಿಂದೆ, ಬಾಗಿಲಿನಾಚೆ, ಒಂದು ತುಂಡು ನೀಲಿ. ಅಲ್ಲಿಂದ ಬೆಂಕಿಯವರೆಗೆ ಕಲ್ಲಿನ ಮೇಲೆ ಒದ್ದೆ ಪಾದದ ಗುರುತು. ಬೆಂಕಿಯ ಅಂಚಿನಲ್ಲಿ ಚಹಾಕ್ಕೆ ಒಂದು ಚಿಕ್ಕ ತಾಮ್ರದ ಕೆಟಲು. ಅತ್ತೆ ಆಸೆಯಿಂದ ನೋಡಿ, "ಪಟ್ಟೆ?" ಎಂದರು. "ಬೇಡ" ಎಂದೆ.

ಸೋಮವಾರದ ಕರೆಯಲ್ಲಿ ಆ ಕಡೆ ಉಸ್ತುವಾರಿಯ ಹೆಂಗಸಿನ ಜೊತೆ ಮಳೆಕೋಟು ತೊಟ್ಟ ಮೂವರು ಕೂತಿದ್ದರು. ಯಾರೂ "ತುಂಬಾ ಸುಂದರವಾಗಿದೆ" ಅನ್ನಲಿಲ್ಲ. ಆಕೆ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿ, "ನಿಮ್ಮ ಪಾತ್ರೆ ಮರಿ ಹಾಕಿದೆ" ಎಂದು ನಕ್ಕರು. ಆಮೇಲೆ, "ಈ ಅಜ್ಜಿ ಯಾರು?" ಎಂದರು.

"ನಮ್ಮತ್ತೆ" ಎಂದೆ. ಝರಿಯ ಕತೆಯನ್ನೂ ಹೇಳಿದೆ. ಅವರು ತಲೆದೂಗಿದರು, ನಾಲ್ಕು ದಿನ ಸಮಯ ಬೇಕು ಎಂದರು. ಆ ನಾಲ್ಕು ದಿನ ನಾನು ಕಿಟಕಿಯಾಚೆ ಹೋಗುವ ರೈಲುಗಳಿಗೆಲ್ಲ ಮನಸ್ಸಿನಲ್ಲೇ ಟಾಟಾ ಹೇಳುತ್ತಿದ್ದೆ.

ಶುಕ್ರವಾರ ನಾವು ಮನೆಯಿಂದಲೇ ಕೆಲಸ ಮಾಡುವ ದಿನ. ಅತ್ತೆ ಎಣ್ಣೆ ಸ್ನಾನ ಮುಗಿಸಿ, ಕೂದಲಿಗೆ ಟವೆಲ್ ಕಟ್ಟಿ, ಮಧ್ಯಾಹ್ನ ನಿದ್ದೆಯನ್ನೂ ಮುಗಿಸಿ ಆಗತಾನೆ ಎದ್ದಿದ್ದರು. ಕರೆ ಬಂತು. ತೆರೆದರೆ ಪರದೆಯಲ್ಲಿ ಬೆಂಕಿ. ಚಿತ್ರದ ಬೆಂಕಿಯಲ್ಲ, ನಿಜವಾದದ್ದು, ಅದೇ ಒಲೆಗೂಡಿನಲ್ಲಿ. ಅದರ ಪಕ್ಕ ಉಸ್ತುವಾರಿಯ ಹೆಂಗಸು, ಕಂಬಳಿಯೊಳಗೆ, ತಲೆಗೆ ಟವೆಲಿನ ಗಂಟು, ಎರಡು ಕೈಯಲ್ಲೂ ತಬ್ಬಿದ ಚಹಾ. ಹಲ್ಲು ಕಟಕಟ ಅನ್ನುತ್ತಿತ್ತು.

"ಇಷ್ಟು ವರ್ಷ ಈ ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು" ಎಂದರು ನಡುಗುತ್ತಾ. "ಒಂದು ದಿನವೂ ಇಳಿಯಬೇಕು ಅನ್ನಿಸಿರಲಿಲ್ಲ. ನಿಮ್ಮ ಅತ್ತೆಗೆ ಹೇಳಿ, ಅವರು ಹೇಳಿದ್ದು ಸರಿ. ಎಲ್ಲವೂ ಆಚೆ ಬರುವುದರಲ್ಲಿದೆ."

ನಾನು ಫೋನನ್ನು ಅತ್ತೆಯ ಕಡೆ ತಿರುಗಿಸಿದೆ. ತಲೆಗೆ ಟವೆಲ್ ಕಟ್ಟಿದ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ನೋಡಿ, ಒಬ್ಬರ ಭಾಷೆ ಒಬ್ಬರಿಗೆ ತಿಳಿಯದೆ, ಹಳೇ ಪರಿಚಯದವರ ಹಾಗೆ ನಕ್ಕರು. ಕರೆಯ ಮೂಲೆಯಲ್ಲಿದ್ದ ಮುಖ್ಯಸ್ಥೆ ಗಂಟಲು ಸರಿಮಾಡಿಕೊಂಡರು. "ಚಿತ್ರ ಒಪ್ಪಿದ್ದಾರೆ. ಉಳಿದ ಕಟ್ಟಡಗಳೂ ನಮಗೇ. ಕುರ್ಚಿ ನಿನ್ನದೇ ಲಾ."

ನಾನು ಕನ್ನಡದಲ್ಲಿ ಹೇಳುವ ಮುಂಚೆಯೇ ಅತ್ತೆಗೆ ನನ್ನ ಮುಖದಲ್ಲಿ ವಿಷಯ ಗೊತ್ತಾಗಿತ್ತು. "ಆಯಮ್ಮಂಗೆ ನೆತ್ತಿಗೆ ಸ್ವಲ್ಪ ಎಣ್ಣೆ ಹಚ್ಕೊಳ್ಳಕ್ಕೆ ಹೇಳು, ನೆಗಡಿ ಆಗುತ್ತೆ" ಎನ್ನುತ್ತಾ ಎದ್ದು ಒಳಗೆ ಹೋದರು. ಹೋದವರು ದೇವರ ಗೂಡಿಗೆ ಕೈ ಮುಗಿದರು. ಬರುವಾಗ ಕೈಯಲ್ಲಿ ಪುಟ್ಟ ಹಿತ್ತಾಳೆಯ ಗಣಪತಿ ಇತ್ತು. ಅದನ್ನು ನನ್ನ ಲ್ಯಾಪ್‌ಟಾಪಿನ ಪಕ್ಕ ಇಟ್ಟು, ಸೆರಗಿನಿಂದ ಒಮ್ಮೆ ಒರೆಸಿದರು.

"ಸೋಮವಾರ ಇವನನ್ನ ಕರ್ಕೊಂಡು ಹೋಗಿ ಕೂರಿಸು" ಎಂದರು. "ಇನ್ನು ಯಾರೂ ಎಬ್ಬಿಸಲ್ಲ."